ಮೂಲೆ ಸೇರಿದ ಲ್ಯಾಪ್‌ಟಾಪ್ ಮತ್ತು ಬಿಟ್‌ಕಾಯಿನ್ ಖಾತೆಯ ತಾಳೆ

ವ್ಯಾಪಾರದಲ್ಲಿ ನಂಬಿಕೆಯೇ ಬಂಡವಾಳವೆಂಬುದು ಹಿರಿಯರ ಮಾತು. ಆದರೆ ಅದೇ ಹಿರಿಯರು ಸಂಜೆ ಕಿರ್ದಿ ತಾಳೆ ನೋಡದೆ ಅಂಗಡಿಯ ಬಾಗಿಲು ಹಾಕುತ್ತಿರಲಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದಲ್ಲಿ ಒಂದೇ ಚೀಲದ ತೂಕ ಹಾಗೂ ದರ ರೈತನ ಪಟ್ಟಿಯಲ್ಲಿ, ದಲಾಲರ ಖಾತೆಯಲ್ಲಿ, ಖರೀದಿದಾರರ ಪುಸ್ತಕದಲ್ಲಿ ಪ್ರತ್ಯೇಕವಾಗಿ ದಾಖಲಾಗುತ್ತದೆ. ಮೂರೂ ಹೊಂದಿದರೆ ವ್ಯವಹಾರ ಮುಗಿಯಿತು, ಹೊಂದದಿದ್ದರೆ ತಕರಾರು. ಬಿಟ್‌ಕಾಯಿನ್ ನೋಡ್ ಎಂಬ ಹೊಸ ಶಬ್ದವನ್ನು ಅರಿಯಲು ಈ ದೃಷ್ಟಾಂತವೇ ಸಾಕು.

ಕಾಂತೇಶಸ್ವಾಮಿಯ ಕ್ಷೇತ್ರವಾದ ಕದರಮಂಡಲಗಿಯಲ್ಲಿ ಒಬ್ಬ ಸಣ್ಣ ವರ್ತಕನಿದ್ದಾನೆಂದು ಭಾವಿಸೋಣ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದಾಗ ಆತ 40,000 ರೂ. ಕೊಟ್ಟು ಒಂದು ಲ್ಯಾಪ್‌ಟಾಪ್ ಕೊಂಡ. ಶೇ. 40ರ ಸವಕಳಿಯಲ್ಲಿ ನಾಲ್ಕು ವರ್ಷಗಳಿಗೆ ಅದರ ಪುಸ್ತಕ ಮೌಲ್ಯ 5,184 ರೂ.ಗೆ ಇಳಿಯಿತು. ಇಂದು ಅದು ಕಪಾಟಿನ ಮೂಲೆಯಲ್ಲಿದೆ. "ಇದನ್ನು ಬಿಟ್‌ಕಾಯಿನ್‌ಗೆ ಹಚ್ಚಿದರೆ ಏನಾದರೂ ಬಂದೀತೇ?" ಎಂಬುದು ಮನೆಯ ಮಗನ ಪ್ರಶ್ನೆ. ಹಣ ಬಾರದು ಎಂಬುದೇ ನೇರವಾದ ಉತ್ತರ. ಆದರೂ ಆ ಯಂತ್ರಕ್ಕೆ ಒಂದು ಉಪಯೋಗವಿದೆ.

ನೋಡ್ ಎಂದರೇನು?

ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ರೂಪುಗೊಂಡ ಬಿಟ್‌ಕಾಯಿನ್ 2009ರ ಜನವರಿ 3ರಂದು ಆರಂಭವಾಯಿತು. ಅಂದಿನಿಂದ ಸರಾಸರಿ 10 ನಿಮಿಷಕ್ಕೊಂದರಂತೆ ಅದರ ಕಿರ್ದಿಗೆ ಹೊಸ ಪುಟ ಸೇರುತ್ತಿದೆ. ಈ ಪುಟವೇ ಬ್ಲಾಕ್. ಇಡೀ ಕಿರ್ದಿಯನ್ನು ಮೊದಲ ಪುಟದಿಂದ ಓದಿ, ಪ್ರತಿ ನಮೂದನ್ನೂ ನಿಯಮಗಳೊಡನೆ ಪರಿಶೀಲಿಸಿ, ತಪ್ಪಿದ್ದನ್ನು ತಿರಸ್ಕರಿಸುವ ಗಣಕಯಂತ್ರವೇ ನೋಡ್. ಹೊಸ ಪುಟ ಬರೆದು ಪ್ರತಿಫಲ ಪಡೆಯುವ ಮೈನಿಂಗ್ ಬೇರೆಯೇ ಉದ್ಯೋಗ. ಅದಕ್ಕೆ ಇಂದು ವಿಶೇಷ ಯಂತ್ರಗಳೂ ಅಪಾರ ವಿದ್ಯುತ್ತೂ ಬೇಕು. ನೋಡ್ ಮಾಡುವುದು ಲೆಕ್ಕ ಪರಿಶೋಧಕನ ಕೆಲಸ, ಅದೂ ಸಂಭಾವನೆಯಿಲ್ಲದೆ.

ಈ ಪರಿಶೋಧನೆಯ ಬೆಲೆ 2010ರಲ್ಲೇ ತಿಳಿಯಿತು. ಬಿಟ್‌ಕಾಯಿನ್‌ನ ಒಟ್ಟು ಮಿತಿ 2.1 ಕೋಟಿ. ಆದರೆ 2010ರ ಆಗಸ್ಟ್ 15ರಂದು ತಂತ್ರಾಂಶದ ದೋಷದಿಂದಾಗಿ 74638ನೆಯ ಬ್ಲಾಕ್‌ನಲ್ಲಿ ಸುಮಾರು 18,400 ಕೋಟಿ ಬಿಟ್‌ಕಾಯಿನ್‌ಗಳ ನಮೂದು ನುಸುಳಿತು. ಕೆಲವೇ ಗಂಟೆಗಳಲ್ಲಿ ತಿದ್ದಿದ ತಂತ್ರಾಂಶ ಹೊರಬಂದಿತು. ಅದನ್ನು ಅಳವಡಿಸಿಕೊಂಡ ನೋಡ್‌ಗಳು ಆ ಪುಟವನ್ನು ನಿರಾಕರಿಸಿದವು. ಸರಿಯಾದ ಕಿರ್ದಿ ಮುಂದುವರಿಯಿತು. ಯಾವ ಅಧಿಕಾರಿಯ ಸಹಿಯೂ ಬೇಕಾಗಲಿಲ್ಲ. ತಾಳೆ ನೋಡುವವರು ಇದ್ದರು, ಅಷ್ಟೆ.

ಯಂತ್ರಕ್ಕೆ ಬೇಕಾದ ಸಿದ್ಧತೆ

ಕಿರ್ದಿಯ ಗಾತ್ರ ಈಗ 600 ಜಿ.ಬಿ.ಯನ್ನು ದಾಟಿದ್ದು, ಬೆಳೆಯುತ್ತಲೇ ಇದೆ. ಹಳೆಯ ಹಾರ್ಡ್ ಡಿಸ್ಕ್‌ನ ಬದಲು 1 ಟಿ.ಬಿ. ಎಸ್‌ಎಸ್‌ಡಿ ಹಾಕಿಸುವುದು ಲೇಸು. ರ‍್ಯಾಮ್ 8 ಜಿ.ಬಿ. ಇದ್ದರೆ ಅನುಕೂಲ. ಲಿನಕ್ಸ್ ಹಾಗೂ ಬಿಟ್‌ಕಾಯಿನ್ ಕೋರ್ ತಂತ್ರಾಂಶಗಳೆರಡೂ ಉಚಿತ. ಡಿಸ್ಕ್ ಚಿಕ್ಕದಿದ್ದರೆ, ಪರಿಶೀಲಿಸಿದ ಹಳೆಯ ಪುಟಗಳನ್ನು ಅಳಿಸುತ್ತ ಹೋಗುವ ಪ್ರೂನಿಂಗ್ ವ್ಯವಸ್ಥೆಯಿದೆ. ಆಗಲೂ ಪೂರ್ಣ ಕಿರ್ದಿಯನ್ನು ಒಮ್ಮೆ ಇಳಿಸಿಕೊಳ್ಳಲೇಬೇಕು. ಹಳೆಯ ಯಂತ್ರಕ್ಕೆ ಇದು ಹಲವು ದಿನಗಳ ಕೆಲಸ. ದಿನಕ್ಕೆ 2 ಜಿ.ಬಿ. ಮೊಬೈಲ್ ಡೇಟಾದಿಂದ ಆಗದು. ಬ್ರಾಡ್‌ಬ್ಯಾಂಡ್ ಸಂಪರ್ಕ ಅವಶ್ಯ.

ಯಂತ್ರ 25 ವ್ಯಾಟ್ ಬಳಸಿದರೆ ತಿಂಗಳಿಗೆ 18 ಯೂನಿಟ್ ವಿದ್ಯುತ್. ಯೂನಿಟ್‌ಗೆ 8 ರೂ. ಹಿಡಿದರೆ 144 ರೂ. ವಿದ್ಯುತ್ ಹೋದಾಗ ಲ್ಯಾಪ್‌ಟಾಪಿನ ಬ್ಯಾಟರಿಯೇ ಆಸರೆ. ಆದರೆ ಉಬ್ಬಿದ ಬ್ಯಾಟರಿಯನ್ನು ಕೂಡಲೇ ತೆಗೆಸಬೇಕು. ಮೆಣಸಿನಕಾಯಿಯ ಗೋದಾಮಿನಲ್ಲಂತೂ ಇಡಬಾರದು. ಆ ಧೂಳು ಫ್ಯಾನನ್ನು ಬೇಗ ಕಟ್ಟಿಹಾಕುತ್ತದೆ.

ಲೆಕ್ಕಪತ್ರದ ಎಚ್ಚರಿಕೆಗಳು

ಮೊದಲನೆಯದಾಗಿ, ಹಳೆಯ ಲ್ಯಾಪ್‌ಟಾಪಿನಲ್ಲಿ ವ್ಯಾಪಾರದ ಲೆಕ್ಕಗಳಿರುತ್ತವೆ. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಅಂತಿಮ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಅವುಗಳ ಪ್ರತಿ ತೆಗೆದಿಟ್ಟ ನಂತರವೇ ಡಿಸ್ಕನ್ನು ಅಳಿಸತಕ್ಕದ್ದು.

ಎರಡನೆಯದಾಗಿ, ಇನ್‌ಪುಟ್ ತೆರಿಗೆ ಜಮೆ ಪಡೆದ ಯಂತ್ರವನ್ನು ಸಂಸ್ಥೆಯಿಂದ ಶಾಶ್ವತವಾಗಿ ಸ್ವಂತ ಬಳಕೆಗೆ ತೆಗೆದುಕೊಂಡರೆ, ಹಣ ಪಡೆಯದಿದ್ದರೂ ಜಿಎಸ್‌ಟಿ ದೃಷ್ಟಿಯಲ್ಲಿ ಅದು ಪೂರೈಕೆಯೇ. ಸ್ವಂತ ನೋಡ್‌ನ ವಿದ್ಯುತ್ತನ್ನು ಅಂಗಡಿಯ ಖರ್ಚಿಗೆ ಹಾಕುವಂತೆಯೂ ಇಲ್ಲ.

ಮೂರನೆಯದಾಗಿ, ಬಿಟ್‌ಕಾಯಿನ್ ಭಾರತದಲ್ಲಿ ಕಾನೂನುಸಮ್ಮತ ಚಲಾವಣಾ ಹಣವಲ್ಲ. ಭಾರತೀಯ ರಿಸರ್ವ್ ಬ್ಯಾಂಕಿನ 2018ರ ಬ್ಯಾಂಕಿಂಗ್ ನಿರ್ಬಂಧವನ್ನು ಸುಪ್ರೀಂ ಕೋರ್ಟು 2020ರ ಮಾರ್ಚ್ 4ರಂದು ರದ್ದುಪಡಿಸಿತು. ಆದರೆ 2022ರ ಏಪ್ರಿಲ್ 1ರಿಂದ ಮಾರಾಟದ ಲಾಭಕ್ಕೆ ಶೇ. 30 ತೆರಿಗೆ ಬಂದಿತು. ಖರೀದಿ ಬೆಲೆಯ ಹೊರತು ಬೇರಾವ ಖರ್ಚನ್ನೂ ಕಳೆಯಲು ಅವಕಾಶವಿಲ್ಲ. ಅದರ ನಷ್ಟವನ್ನು ವ್ಯಾಪಾರದ ಲಾಭದೊಡನೆ ಹೊಂದಿಸಲೂ ಬಾರದು.

ನೋಡ್ ತಡೆಯಲಾಗದ ಮೋಸ

ವಿನಿಮಯ ಕೇಂದ್ರದಲ್ಲಿಟ್ಟ ಬಿಟ್‌ಕಾಯಿನ್ ಆ ಕೇಂದ್ರದ ಪುಸ್ತಕದಲ್ಲಿನ ಜಮೆ ಮಾತ್ರ. ಮನೆಯ ನೋಡ್ ಆ ಪುಸ್ತಕವನ್ನು ತೆರೆದು ನೋಡಲಾರದು. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಕೇಂದ್ರದಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೋ ಆಸ್ತಿ ಕಳುವಾದಾಗ ಗ್ರಾಹಕರ ಹಿಂಪಡೆತವೇ ನಿಂತುಹೋಯಿತು. ಅದಕ್ಕೂ ಮೊದಲು, 2015ರಲ್ಲಿ ಆರಂಭವಾದ ಗೇನ್‌ಬಿಟ್‌ಕಾಯಿನ್ ಯೋಜನೆ ಮೈನಿಂಗ್ ಹೆಸರಿನಲ್ಲಿ ತಿಂಗಳಿಗೆ ಶೇ. 10ರಂತೆ 18 ತಿಂಗಳ ಪ್ರತಿಫಲದ ಆಶ್ವಾಸನೆ ನೀಡಿತ್ತು. ಅದರ ವಂಚನೆ ಪ್ರಕರಣ ಸಿಬಿಐ ತನಿಖೆಗೆ ಹೋಯಿತು. "ನಿಮ್ಮ ಹಳೆಯ ಲ್ಯಾಪ್‌ಟಾಪ್ ತಿಂಗಳಿಗಿಷ್ಟು ದುಡಿಯುತ್ತದೆ" ಎಂದು ಬರುವವರನ್ನು ಇದೇ ಸಾಲಿನಲ್ಲಿ ನಿಲ್ಲಿಸಿ ನೋಡುವುದು ಕ್ಷೇಮ.

ಬಿಟ್‌ಕಾಯಿನ್‌ನ ಕೀಲಿಯನ್ನು ತನ್ನಲ್ಲೇ ಇಟ್ಟುಕೊಂಡವನಿಗೆ ಮಾತ್ರ ನೋಡ್‌ನ ಪೂರ್ಣ ಪ್ರಯೋಜನ. ತನಗೆ ಬಂದ ಜಮೆ ನಿಜವೋ ಅಲ್ಲವೋ ಎಂಬುದನ್ನು ಆತ ಯಾರನ್ನೂ ಕೇಳದೆ, ತನ್ನ ಶಿಲ್ಕನ್ನು ಯಾರಿಗೂ ತೋರಿಸದೆ ಅರಿಯಬಲ್ಲ. ಆ ಕೀಲಿಯನ್ನು ಸದಾ ಇಂಟರ್‌ನೆಟ್‌ಗೆ ತೆರೆದಿರುವ ಹಳೆಯ ಯಂತ್ರದಲ್ಲಿ ಇಡಬಾರದು. ಬಿಟ್‌ಕಾಯಿನ್ ಇಲ್ಲದವರಿಗೆ ಇದು ಕೇವಲ ಅಭ್ಯಾಸ. ಇದಕ್ಕಾಗಿ ಬಿಟ್‌ಕಾಯಿನ್ ಕೊಳ್ಳಬೇಕಾಗಿಯೂ ಇಲ್ಲ.

ಕದರಮಂಡಲಗಿಯ ಆ ವರ್ತಕ ಮಗನಿಗೆ ಲ್ಯಾಪ್‌ಟಾಪ್ ಕೊಡಬಹುದು. ತಿಂಗಳ 144 ರೂ.ಗಳನ್ನು ವಿದ್ಯಾಭ್ಯಾಸದ ಖರ್ಚೆಂದು ಬರೆದುಕೊಳ್ಳಬಹುದು. ಲಾಭದ ಕಾಲಂ ಖಾಲಿಯೇ ಉಳಿಯುತ್ತದೆ. ಆದರೆ ಬೇರೆಯವರ ಪುಸ್ತಕವನ್ನು ಒಪ್ಪುವ ಮೊದಲು ತನ್ನ ಪುಸ್ತಕ ತೆರೆಯಬೇಕೆಂಬ ಪಾಠವನ್ನು ಮಗ ಕಲಿತರೆ, ಮುಂದೆ ಅಂಗಡಿಯ ಗಲ್ಲೆಯ ಮೇಲೆ ಕೂಡುವಾಗ ಅದು ಉಪಯೋಗಕ್ಕೆ ಬರುತ್ತದೆ.