ಶಿರಾಡಿ ಹೆದ್ದಾರಿ ಯಾರದು?

ಮಂಗಳೂರಿನಿಂದ ಬಂಟ್ವಾಳದ ಬಿ.ಸಿ.ರೋಡ್ ತನಕ ರಾಷ್ಟ್ರೀಯ ಹೆದ್ದಾರಿ 73 ಎನಿಸಿಕೊಳ್ಳುವ ದಾರಿ ಅಲ್ಲಿಂದ ಮುಂದೆ 75 ಆಗುತ್ತದೆ. ಹಳೆಯ ಚಾಲಕರ ಬಾಯಲ್ಲಿ ಅದು ಈಗಲೂ 48. ಕಲ್ಲಡ್ಕ, ಮಾಣಿ, ಉಪ್ಪಿನಂಗಡಿ, ನೆಲ್ಯಾಡಿಗಳನ್ನು ಹಾದು ಗುಂಡ್ಯದಲ್ಲಿ ಘಟ್ಟದ ಬುಡ ಮುಟ್ಟಿ, ಶಿರಾಡಿ ಘಾಟಿ ಹತ್ತಿ, ಮಾರನಹಳ್ಳಿ, ದೋಣಿಗಾಲ್ ದಾಟಿ ಸಕಲೇಶಪುರ, ಹಾಸನಗಳ ಮೂಲಕ ಅದು ಬೆಂಗಳೂರಿನತ್ತ ಸಾಗುತ್ತದೆ. 1974ರಲ್ಲಿ ನವಮಂಗಳೂರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ ಮೇಲೆ ಈ ದಾರಿಯ ಮಾತು ಬಂದಾಗಲೆಲ್ಲ ಎರಡು ತುದಿಗಳ ಲೆಕ್ಕವೇ ಮುಂದಾಗುತ್ತದೆ: ಬೆಂಗಳೂರು ಎಷ್ಟು ತಾಸು? ನಡುವಿನ ಊರುಗಳ ಪ್ರಶ್ನೆ ಬೇರೆ: ಆಷಾಢದ ಮಳೆಯಲ್ಲಿ ದಾರಿ ತೆರೆದಿರುತ್ತದೆಯೇ? ಈ ಹೆದ್ದಾರಿಯನ್ನು ಅಳೆಯಬೇಕಾದದ್ದು ಈ ಎರಡನೆಯ ಪ್ರಶ್ನೆಯಿಂದಲೇ.

ಏಕೆಂದರೆ ತುದಿಯ ನಗರಗಳಿಗೆ ಬೇರೆ ದಾರಿಗಳಿವೆ. ಮಂಗಳೂರಿನ ಪೆಟ್ರೋಲಿಯಂ ಹಾಸನದ ಮೂಲಕ ಬೆಂಗಳೂರಿಗೆ ಕೊಳವೆಯಲ್ಲೂ ಹರಿಯುತ್ತದೆ. 1979ರಿಂದ ಮಂಗಳೂರು–ಹಾಸನ ರೈಲು ಮಾರ್ಗವಿದೆ. ಆದರೆ ಆ ರೈಲು ಪುತ್ತೂರಿನ ಕಡೆಗೆ ಬಳಸಿ ಸುಬ್ರಹ್ಮಣ್ಯ ರೋಡ್ ನಿಲ್ದಾಣದ ಮೂಲಕ ಘಟ್ಟ ಏರುತ್ತದೆ. ಉಪ್ಪಿನಂಗಡಿಗೂ ನೆಲ್ಯಾಡಿಗೂ ಅದು ದೂರ. ಅಲ್ಲಿನ ಅಡಿಕೆ, ರಬ್ಬರು ಪೇಟೆ ಸೇರುವುದು, ಕಾಯಿಲೆಯವರು ಮಂಗಳೂರಿನ ಆಸ್ಪತ್ರೆ ಮುಟ್ಟುವುದು, ಮಕ್ಕಳು ಕಾಲೇಜಿಗೆ ಹೋಗುವುದು ಇದೇ ರಸ್ತೆಯಲ್ಲಿ. ಸಕಲೇಶಪುರದ ಕಾಫಿ, ಕಾಳುಮೆಣಸಿಗೂ ಕರಾವಳಿಗೆ ಇಳಿಯುವ ಹತ್ತಿರದ ದಾರಿ ಇದೇ. ಘಾಟಿ ಮುಚ್ಚಿದರೆ ದೂರದ ಲಾರಿ ಬಳಸುದಾರಿ ಹಿಡಿದೀತು. ಮಾರನಹಳ್ಳಿಯವರು ಯಾವ ಬಳಸುದಾರಿ ಹಿಡಿಯಬೇಕು?

ರಸ್ತೆ ಅಗಲವಾದರೆ ಊರುಗಳಿಗೂ ಲಾಭವಲ್ಲವೇ ಎಂಬ ಮಾತು ನ್ಯಾಯವಾದದ್ದೇ. ಟ್ಯಾಂಕರುಗಳ ಹಿಂದೆ ಆಂಬುಲೆನ್ಸ್ ಸಿಕ್ಕಿಬೀಳುವ ದಾರಿಗೆ ಅಗಲ ಬೇಕು. ಆದರೆ ಅಗಲವೊಂದೇ ದಾರಿಯನ್ನು ಉಳಿಸುವುದಿಲ್ಲ. ಘಾಟಿಯ ರಸ್ತೆಗೆ 2015 ಮತ್ತು 2018ರಲ್ಲಿ ಎರಡು ಹಂತದಲ್ಲಿ ಕಾಂಕ್ರೀಟು ಬಿತ್ತು. ವರ್ಷ ವರ್ಷದ ಹೊಂಡಗಳ ಕಾಟ ತಪ್ಪಿತು. ಅದೇ 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಸಂಚಾರ ನಿಂತಿತು. 2024ರ ಜುಲೈನಲ್ಲಿ ದೊಡ್ಡತಪ್ಪಲೆಯಲ್ಲಿ ಮತ್ತೆ ಮಣ್ಣು ಕುಸಿಯಿತು. ರಸ್ತೆಯ ಮೈ ಎಷ್ಟೇ ಗಟ್ಟಿಯಿದ್ದರೂ ಪಕ್ಕದ ಧರೆ ಸಡಿಲವಾದರೆ ದಾರಿ ಉಳಿಯದು. ಚತುಷ್ಪಥಕ್ಕಾಗಿ ಗುಡ್ಡವನ್ನು ನೆಟ್ಟಗೆ ಕಡಿದಲ್ಲಿ ಮಣ್ಣು ಆಧಾರ ಕಳೆದುಕೊಳ್ಳುತ್ತದೆ. ನೀರಿಗೆ ಹರಿದುಹೋಗಲು ಜಾಗ ಸಿಗದಿದ್ದರೆ ಅದು ಮಣ್ಣಿನೊಳಗೆ ಇಳಿದು ಇಡೀ ಗುಡ್ಡವನ್ನೇ ಕೆಳಕ್ಕೆ ತಳ್ಳುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಕಡಿಯುವುದು, ಮೇಲಿನ ನೀರನ್ನು ಚರಂಡಿ, ಮೋರಿಗಳಿಂದ ಹೊರಗೆ ಹಾಯಿಸುವುದು, ತಡೆಗೋಡೆ ಕಟ್ಟುವುದು, ಹುಲ್ಲು ಗಿಡ ಹಿಡಿಸುವುದು: ಇವು ಕಾಮಗಾರಿಯ ಕೊನೆಗೆ ಮಾಡುವ ಅಲಂಕಾರವಲ್ಲ, ಅದರ ಮೊದಲ ಹೆಜ್ಜೆ.

ಸುರಂಗ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಶಿರಾಡಿ ಸುರಂಗದ ಪ್ರಸ್ತಾವ ಹಳೆಯದು. ಅದು ಆದರೆ ಬಂದರಿನ ಸರಕಿಗೆ ಅನುಕೂಲ ಖಂಡಿತ. ಆದರೆ ಗುಂಡ್ಯ, ಶಿರಾಡಿ, ಮಾರನಹಳ್ಳಿಗಳ ಜನ ಆಗಲೂ ನಡೆದಾಡುವುದು ಮೇಲಿನ ದಾರಿಯಲ್ಲೇ. ದೊಡ್ಡ ವಾಹನಗಳು ಒಳಗೆ ಹೋದವೆಂದು ಹಳೆಯ ರಸ್ತೆಯ ಧರೆಯನ್ನು ಮರೆತರೆ ಹೊರೆಯೆಲ್ಲ ಅವರ ತಲೆಗೇ. ಆದ್ದರಿಂದ ಘಾಟಿಯ ಪ್ರತಿ ಕಾಮಗಾರಿಯ ಯೋಜನೆಯಲ್ಲೂ ಧರೆಯ ಭದ್ರತೆಗೆ, ನೀರಿನ ದಾರಿಗೆ ಬೇರೆಯೇ ಹಣ ತೆಗೆದಿಡಬೇಕು. ಪ್ರತಿ ವರ್ಷ ಮುಂಗಾರಿಗೆ ಮೊದಲೇ ಅದರ ತಪಾಸಣೆ ನಡೆದು, ವರದಿ ದಾರಿಯುದ್ದದ ಪಂಚಾಯಿತಿಗಳ ಕೈಸೇರಬೇಕು. ಮಳೆಗಾಲವಿಡೀ ತೆರೆದಿರುವ ರಸ್ತೆಯನ್ನು ಕೇಳುವ ಮೊದಲ ಹಕ್ಕು ಆ ಊರುಗಳದು.