ಸಿಕ್ಸರ್‌ಗಿಂತ ಮೊದಲೇ ಕೇಳಿಸುವ ಕೇಕೆ

2019ರ ಜುಲೈ 10. ಮ್ಯಾಂಚೆಸ್ಟರ್‌ನಲ್ಲಿ ವಿಶ್ವಕಪ್ ಸೆಮಿಫೈನಲ್. ಮಾರ್ಟಿನ್ ಗಪ್ಟಿಲ್ ದೂರದಿಂದ ಎಸೆದ ಚೆಂಡು ನೇರವಾಗಿ ವಿಕೆಟ್ಟಿಗೆ ಬಡಿಯಿತು, ಧೋನಿ ರನೌಟ್. ಇಂಥ ಗಳಿಗೆಗಳಲ್ಲಿ ಟಿವಿ ನೋಡುತ್ತಿರುವ ಮನೆಯವರು ತಲೆಯ ಮೇಲೆ ಕೈಹೊತ್ತು ಕೂತಾಗಲೂ, ಪಕ್ಕದ ಮನೆಯ ಮೊಬೈಲಿನಲ್ಲಿ ಬ್ಯಾಟ್ಸ್‌ಮನ್ ಇನ್ನೂ ಓಡುತ್ತಲೇ ಇರುತ್ತಾನೆ. ಸಿಕ್ಸರ್ ಆದರೂ ಅಷ್ಟೆ, ಗೋಡೆಯಾಚೆಯ ಕೇಕೆ ಮೊದಲು ಕೇಳಿಸುತ್ತದೆ, ಚೆಂಡು ಆಮೇಲೆ ಹಾರುತ್ತದೆ.

ದಾರಿ ದೂರವಾದ್ದರಿಂದ ಹೀಗಾಗುತ್ತದೆ ಎಂದು ಅನೇಕರ ಎಣಿಕೆ. ಲೆಕ್ಕ ಅದಕ್ಕೆ ತಿರುಗಿಬೀಳುತ್ತದೆ. ಡಿಟಿಎಚ್ ಟಿವಿಯ ಸಂಕೇತ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಹತ್ತಿ, ಅಷ್ಟೇ ದೂರ ಇಳಿದು ಮನೆಯ ಮೇಲಿನ ತಟ್ಟೆಗೆ ಬರಬೇಕು. ಅದಕ್ಕೆ ಹಿಡಿಯುವುದು ಕಾಲು ಸೆಕೆಂಡು. ಮೊಬೈಲಿಗೆ ಬರುವ ಆಟ ಬಹುಪಾಲು ದಾರಿಯನ್ನು ಗಾಜಿನ ಎಳೆಯಲ್ಲಿ ಸವೆಸುತ್ತದೆ. ಅದರೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಸಾವಿರ ಕಿಲೋಮೀಟರ್ ದಾಟಲು 5 ಮಿಲಿಸೆಕೆಂಡು ಸಾಕು. ಆದರೂ ಆಕಾಶ ಸುತ್ತಿ ಬಂದದ್ದೇ ಮೊದಲು ಮುಟ್ಟುತ್ತದೆ.

ತಡವಾಗುವುದು ದಾರಿಯಲ್ಲಲ್ಲ, ಕಾಯುವುದರಲ್ಲಿ.

ಮೊಬೈಲಿನ ನೇರಪ್ರಸಾರ ಇಡ್ಲಿ ಬೇಯಿಸಿದ ಹಾಗೆ ನಡೆಯುತ್ತದೆ. ಆಪಲ್ 2009ರಲ್ಲಿ ತಂದ ಎಚ್‌ಎಲ್‌ಎಸ್ ಎಂಬ ವಿಧಾನದಲ್ಲಿ ವಿಡಿಯೊವನ್ನು ತುಣುಕು ತುಣುಕಾಗಿ ಕಟ್ಟುತ್ತಾರೆ. ಒಂದೊಂದು ತುಣುಕು ಸಾಮಾನ್ಯವಾಗಿ 6 ಸೆಕೆಂಡಿನದು. ಒಂದು ಒಬ್ಬೆ ಪೂರ್ತಿ ಬೆಂದ ಮೇಲೆಯೇ ಬಡಿಸುವುದು. ಮೊಬೈಲಾದರೂ ಬಂದ ತಟ್ಟೆಗೆ ಕೂಡಲೇ ಕೈಹಾಕುವುದಿಲ್ಲ. ಮೂರು ಒಬ್ಬೆಯಷ್ಟು ಹಿಂದೆ ನಿಂತು ಆಟ ತೋರಿಸುತ್ತದೆ. ಅಲ್ಲಿಗೇ 18 ಸೆಕೆಂಡು ಹೋಯಿತು. ಈ ದಾಸ್ತಾನು ಬೇಕೇಬೇಕು. ಬಸ್ಸಿನಲ್ಲೋ ಮೆಟ್ಟಿಲ ಕೆಳಗೋ ಸಿಗ್ನಲ್ ಅರೆಗಳಿಗೆ ಕೈಕೊಟ್ಟಾಗ ಪರದೆಯ ಮೇಲೆ ಚಕ್ರ ತಿರುಗದಂತೆ ಕಾಯುವುದು ಅದೇ.

ಹಾಗಾದರೆ ತುಣುಕನ್ನೇ ಒಂದು ಸೆಕೆಂಡಿಗೆ ಇಳಿಸಬಾರದೇಕೆ? ಇಳಿಸಬಹುದು, ಆದರೆ ಚಿತ್ರ ಕೆಡುತ್ತದೆ. ವಿಡಿಯೊದಲ್ಲಿ ಪ್ರತಿ ಚಿತ್ರವನ್ನೂ ಇಡಿಯಾಗಿ ಕಳಿಸುವುದಿಲ್ಲ. ಒಂದನ್ನು ಪೂರ್ತಿ ಕಳಿಸಿ, ಮುಂದಿನವುಗಳಲ್ಲಿ ಬದಲಾದದ್ದನ್ನಷ್ಟೇ ಕಳಿಸುತ್ತಾರೆ. ಪ್ರತಿ ತುಣುಕೂ ಒಂದು ಪೂರ್ಣ ಚಿತ್ರದಿಂದ ಶುರುವಾಗಬೇಕು, ಅದಕ್ಕೆ ಡೇಟಾ ಹೆಚ್ಚು ಬೇಕು. ತುಣುಕು ಚಿಕ್ಕದಾದಷ್ಟೂ ಈ ಖರ್ಚು ಏರಿ, ಉಳಿದ ಚಿತ್ರಗಳ ಪಾಲು ಕುಗ್ಗುತ್ತದೆ. ಕ್ರಿಕೆಟ್ ಮೊದಲೇ ಕಷ್ಟದ ಗಿರಾಕಿ. ಚೆಂಡಿನ ಬೆನ್ನುಹತ್ತಿ ಕ್ಯಾಮೆರಾ ತಿರುಗಿದಾಗ ಹುಲ್ಲು, ಜನ, ಫಲಕ ಎಲ್ಲವೂ ಒಟ್ಟಿಗೆ ಬದಲಾಗುತ್ತವೆ. ಗ್ಯಾಲರಿಯ ಮುಖಗಳು ಚೌಕಚೌಕವಾಗಿ ಕಲಸಿಹೋಗುವುದು ಆಗಲೇ.

ಎಂಜಿನಿಯರುಗಳು ಕಂಡುಕೊಂಡ ಉಪಾಯ ಸೊಗಸಾದದ್ದು. ತುಣುಕು ದೊಡ್ಡದೇ ಇರಲಿ, ಆದರೆ ಪೂರ್ತಿಯಾಗುವವರೆಗೆ ಕಾಯುವುದು ಬೇಡ. ಆದಷ್ಟನ್ನು ಆದಹಾಗೆ ಕಳಿಸಿಬಿಡುವುದು. ಕಾವಲಿಯಿಂದ ಎದ್ದ ದೋಸೆ ನೇರ ಎಲೆಗೆ ಬಿದ್ದಂತೆ. ಸಿಮ್ಯಾಫ್ ಎಂಬ ವಿಡಿಯೊ ಮಾದರಿ ಇದಕ್ಕೆ ದಾರಿ ಮಾಡಿತು. 2019ರಲ್ಲಿ ಆಪಲ್ ಕೂಡ ಕಡಿಮೆ ವಿಳಂಬದ ಎಚ್‌ಎಲ್‌ಎಸ್ ಪ್ರಕಟಿಸಿತು. ಇವುಗಳಿಂದ ಅರ್ಧ ನಿಮಿಷದ ತಡವನ್ನು ಕೆಲವೇ ಸೆಕೆಂಡಿಗೆ ತರಬಹುದು. ವಿಡಿಯೊ ಕರೆಗೆ ಬಳಸುವ ವೆಬ್‌ಆರ್‌ಟಿಸಿ ಇನ್ನೂ ಚುರುಕು, ಅರ್ಧ ಸೆಕೆಂಡಿನೊಳಗೇ ಮುಟ್ಟಿಸಬಲ್ಲದು. ಕೋಟಿಗಟ್ಟಲೆ ಜನರಿಗೆ ಅದನ್ನು ಹಂಚುವುದು ಮಾತ್ರ ಬಲು ದುಬಾರಿ.

ಕೋಟಿ ಎಂಬುದು ಇಲ್ಲಿ ಬಾಯಿಮಾತಲ್ಲ. ಧೋನಿ ಔಟಾದ ಆ ಪಂದ್ಯವನ್ನು ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ 2.53 ಕೋಟಿ ಮಂದಿ ನೋಡಿದ್ದರು. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್‌ನಲ್ಲಿ ಆ ಸಂಖ್ಯೆ 5.9 ಕೋಟಿ ಮುಟ್ಟಿತು. ಇಷ್ಟು ಜನ ಒಂದೇ ಸರ್ವರಿನ ಬಾಗಿಲು ತಟ್ಟದಂತೆ ಊರೂರಿನ ಸರ್ವರುಗಳಲ್ಲಿ ತುಣುಕುಗಳ ಪ್ರತಿ ಇಟ್ಟಿರುತ್ತಾರೆ. ನೋಡುಗರು ಬರುವುದಕ್ಕಿಂತ ಎದ್ದುಹೋಗುವ ಗಳಿಗೆಯೇ ಅಪಾಯದ್ದು: ನೆಚ್ಚಿನ ಆಟಗಾರ ಔಟಾದೊಡನೆ ಲಕ್ಷಾಂತರ ಜನ ಒಮ್ಮೆಲೇ ಹಿಂದಿನ ಪುಟಕ್ಕೆ ಮರಳುತ್ತಾರೆ, ಅದುವರೆಗೆ ಸುಮ್ಮನಿದ್ದ ಮುಖಪುಟದ ಸರ್ವರುಗಳ ಮೇಲೆ ದಿಢೀರ್ ಭಾರ ಬೀಳುತ್ತದೆ.

ವಿಡಿಯೊ ನಿಂತು ನಿಂತು ಓಡಿದಾಗ, ನಿಂತಷ್ಟು ಹೊತ್ತೂ ತಡಕ್ಕೆ ಸೇರುತ್ತ ಹೋಗಬಹುದು. ಕೆಲವು ಆ್ಯಪ್‌ಗಳು ಆಟವನ್ನು ಕಣ್ಣಿಗೆ ತಿಳಿಯದಷ್ಟು ವೇಗವಾಗಿ ಓಡಿಸಿ ಸರಿದೂಗಿಸುತ್ತವೆ. ಎಲ್ಲವೂ ಹಾಗೆ ಮಾಡುವುದಿಲ್ಲ. ಕೊನೆಯ ಓವರಿಗೆ ಮುಂಚೆ ಪರದೆಯ ಮೇಲಿನ ‘ಲೈವ್’ ಗುಂಡಿಯನ್ನು ಒಮ್ಮೆ ಒತ್ತಿ ನೋಡಿ.