ಬೆಟ್ಟದ ಬಸವನ ಹುಳು: ಜಾತಿಯೋ, ಉಪಜಾತಿಯೋ?

ಬಸವನ ಹುಳು ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಮಳೆಗಾಲದಲ್ಲಿ ತೋಟದ ಸೊಪ್ಪನ್ನು ಮೇಯುತ್ತ ಮೆಲ್ಲಗೆ ಹರಿಯುವ ಒಂದು ಸಾಧು ಪ್ರಾಣಿ. ಆದರೆ ನ್ಯೂಜಿಲೆಂಡಿನ ಕಾಡುಬೆಟ್ಟಗಳಲ್ಲಿರುವ ಅದರ ನಂಟನೊಬ್ಬನು ಸೊಪ್ಪನ್ನು ಮುಟ್ಟುವವನಲ್ಲ. ಹಗಲೆಲ್ಲ ತರಗೆಲೆಗಳ ಕೆಳಗೆ ಅಡಗಿದ್ದು, ರಾತ್ರಿ ಹೊರಟು, ಎರೆಹುಳುಗಳನ್ನು ಹಿಡಿದು ನುಂಗುವುದು ಅವನ ವೃತ್ತಿ. ಈ ಕುಲದ ಹೆಸರು ಪೊವೆಲಿಫ್ಯಾಂಟ. ಆಕ್ಲೆಂಡಿನ ವಸ್ತುಸಂಗ್ರಹಾಲಯದಲ್ಲಿದ್ದ ಪೊವೆಲ್ ಎಂಬ ಪಂಡಿತರ ಗೌರವಾರ್ಥವಾಗಿ 1945ರಲ್ಲಿ ಈ ಹೆಸರನ್ನಿಟ್ಟರು. ಇವುಗಳಲ್ಲಿ ದೊಡ್ಡವುಗಳ ಚಿಪ್ಪು 9 ಸೆಂಟಿಮೀಟರಿನಷ್ಟು ಅಗಲವಾಗಿ ಅಂಗೈಯನ್ನು ತುಂಬುತ್ತದೆ.

ಈ ಪ್ರಾಣಿಗಳನ್ನು ವಿಂಗಡಿಸುವುದು ಸುಲಭವಲ್ಲ. ಒಂದರೊಡನೊಂದು ಕೂಡಿ ಸಂತಾನವನ್ನು ಬೆಳೆಸಬಲ್ಲವುಗಳೆಲ್ಲ ಒಂದೇ ಜಾತಿಯೆಂಬುದು ಸಾಮಾನ್ಯವಾದ ಲಕ್ಷಣ. ಒಂದೇ ಜಾತಿಯವು ಬೇರೆ ಬೇರೆ ಪ್ರದೇಶಗಳಲ್ಲಿ ನೆಲೆಸಿ, ಬಣ್ಣ ಆಕಾರಗಳಲ್ಲಿ ಸ್ಥಿರವಾದ ಭೇದವನ್ನು ತಾಳಿದರೆ, ಅವುಗಳನ್ನು ಉಪಜಾತಿಗಳೆನ್ನುತ್ತಾರೆ. ಉದಾಹರಣೆಗೆ, 1859ರಲ್ಲಿ ಆ ದೇಶವನ್ನು ಸಂಚರಿಸಿದ ಭೂವಿಜ್ಞಾನಿ ಹೋಕ್‌ಸ್ಟೆಟರರ ಹೆಸರನ್ನು ಹೊತ್ತ ಜಾತಿಯಲ್ಲಿ ಬೈಕಲರ್, ಅಬ್ಸ್ಕ್ಯೂರ ಮೊದಲಾದ ಉಪಜಾತಿಗಳನ್ನು ಗುರುತಿಸಿದ್ದಾರೆ.

ಲಕ್ಷಣವೇನೋ ಸರಿ. ಆದರೆ ಈ ಹುಳು ಒಣನೆಲವನ್ನು ದಾಟಲಾರದು, ತೇವವಿಲ್ಲದಿದ್ದರೆ ಬದುಕಲಾರದು. ಒಂದು ಬೆಟ್ಟದ ಹುಳು ಎದುರು ಬೆಟ್ಟದ ಹುಳುವನ್ನು ಸಂಧಿಸುವುದೇ ಇಲ್ಲ. ಸಂಧಿಸದವುಗಳು ಕೂಡಬಲ್ಲವೇ ಎಂಬುದನ್ನು ನಿಸರ್ಗದಲ್ಲಿ ನೋಡಿ ತಿಳಿಯುವುದು ಹೇಗೆ? ಆದುದರಿಂದ ಪರೋಕ್ಷವಾದ ಸಾಕ್ಷ್ಯವನ್ನೇ ನಂಬಬೇಕಾಗುತ್ತದೆ.

ಮೊದಲ ಸಾಕ್ಷಿ ಚಿಪ್ಪು. ಅದರ ಅಗಲ, ಎತ್ತರ, ಬಣ್ಣ, ಪಟ್ಟೆ ಇವುಗಳನ್ನು ಹಳೆಯ ಪಂಡಿತರು ಅಳೆದು ನೋಡುತ್ತಿದ್ದರು. ಆದರೆ ಒಂದೇ ನೆಲೆಯ ಹುಳುಗಳಲ್ಲಿಯೂ ಬಣ್ಣ ಒಂದೇ ಸಮನಾಗಿರುವುದಿಲ್ಲ. ಅದಲ್ಲದೆ ಈ ಚಿಪ್ಪಿನಲ್ಲಿ ಸುಣ್ಣದ ಅಂಶ ಕಡಮೆ. ಒಣಗಿದರೆ ಬಿರುಕು ಬಿಡುತ್ತದೆ. ಎರಡನೆಯ ಸಾಕ್ಷಿ ಒಳಗಿನ ಅಂಗಗಳು, ಮುಖ್ಯವಾಗಿ ನಾಲಗೆಯ ಮೇಲಿನ ಸೂಕ್ಷ್ಮ ಹಲ್ಲುಗಳ ಸಾಲು. ಮೂರನೆಯದು ಈಚಿನದು: ಜೀವಕೋಶದೊಳಗಿನ ಡಿ.ಎನ್.ಎ. ಇದನ್ನು ಹೋಲಿಸಿದರೆ ಎರಡು ವಂಶಗಳು ಎಷ್ಟು ದೂರವಾಗಿವೆಯೆಂಬುದನ್ನು ಊಹಿಸಬಹುದು. ಆದರೂ ಎಷ್ಟು ದೂರವಾದರೆ ಬೇರೆ ಜಾತಿಯೆಂಬ ಗೆರೆಯನ್ನು ಎಳೆಯತಕ್ಕವನು ಮನುಷ್ಯನೇ.

ಇದು ಬರಿಯ ಹೆಸರಿನ ಜಗಳವೆಂದು ತೋರಬಹುದು. ಹಾಗಲ್ಲವೆಂಬುದಕ್ಕೆ ಆಗಸ್ಟಸ್ ಬೆಟ್ಟದ ಕಥೆಯೇ ನಿದರ್ಶನ. ದಕ್ಷಿಣ ದ್ವೀಪದ ಪಶ್ಚಿಮ ಭಾಗದಲ್ಲಿರುವ ಈ ಬೆಟ್ಟದ ಏಣಿನ ಕೆಳಗೆ ಕಲ್ಲಿದ್ದಲಿದೆ. ಅಲ್ಲಿ 1996ರಲ್ಲಿ ಕೆಲವು ಚಿಪ್ಪುಗಳು ದೊರೆತವು. ನೆರೆಯಲ್ಲಿಯೇ ಪ್ಯಾಟ್ರಿಕೆನ್ಸಿಸ್ ಎಂಬ ಬೇರೊಂದು ಹುಳು ಇದ್ದುದರಿಂದ, ಇದು ಅದರದೇ ಒಂದು ಭೇದವೋ ಸ್ವತಂತ್ರವಾದ ಜಾತಿಯೋ ಎಂಬುದನ್ನು ನಿರ್ಣಯಿಸಬೇಕಾಯಿತು. ನಿರ್ಣಯವು ಬರುವಷ್ಟರಲ್ಲಿ ಗಣಿಯ ಕೆಲಸ ಏಣನ್ನು ತಲುಪಿತ್ತು. ಆರು ಸಾವಿರಕ್ಕೂ ಮಿಕ್ಕ ಹುಳುಗಳನ್ನು ಆಯ್ದು, ಕೆಲವನ್ನು ಬೇರೆ ನೆಲೆಗಳಲ್ಲಿ ಬಿಟ್ಟು, ಉಳಿದವನ್ನು ಶೀತಲ ಕೊಠಡಿಗಳಲ್ಲಿರಿಸಿದರು. 2008ರಲ್ಲಿ ಪೊವೆಲಿಫ್ಯಾಂಟ ಆಗಸ್ಟ ಎಂಬ ಹೊಸ ಜಾತಿಯಾಗಿ ಅದು ಶಾಸ್ತ್ರದಲ್ಲಿ ಸೇರಿತು. ಅದನ್ನು ವರ್ಣಿಸಿದ ಲೇಖನದ ಶಿರೋನಾಮೆಯಲ್ಲಿಯೇ ಅದರ ನೆಲೆಯನ್ನು 'ಹಿಂದಿನ ನೆಲೆ' ಎಂದು ಬರೆಯಬೇಕಾಗಿ ಬಂತು! 2011ರಲ್ಲಿ ಶೀತಯಂತ್ರದ ಉಷ್ಣತೆ ತಪ್ಪಿ, ಕಾಪಾಡಿದ್ದವುಗಳಲ್ಲಿ ಸುಮಾರು 800 ಹುಳುಗಳು ಸತ್ತವು.

ಉಪಜಾತಿಯೆಂದಾದರೆ ಕಡೆಗಣಿಸಬಹುದೆಂದು ಇದರ ಅರ್ಥವಲ್ಲ. ಇಂದಿನ ಉಪಜಾತಿಯು ನಾಳೆಯ ಪರೀಕ್ಷೆಯಲ್ಲಿ ಸ್ವತಂತ್ರ ಜಾತಿಯೆಂದು ತೋರಬಹುದು. ಆ ಪರೀಕ್ಷೆ ನಡೆಯಬೇಕಾದರೆ ಹುಳುವೂ ಇರಬೇಕು, ಅದರ ಬೆಟ್ಟವೂ ಇರಬೇಕು.